ಪಹಣಿಯ ಹಿಂದಿನ ಕೊಂಡಿಗಳು

ದಾಖಲೆಯೊಂದು ತನ್ನೊಳಗಿನ ವಿವರಗಳ ಬಲದಿಂದಷ್ಟೇ ನಿಲ್ಲುವುದಿಲ್ಲ. ತನಗಿಂತ ಮೊದಲು ಹುಟ್ಟಿದ ಬೇರೆ ದಾಖಲೆಗಳನ್ನು ಹೆಸರಿಸಿ, ಅವುಗಳ ಸಾಕ್ಷ್ಯವನ್ನು ಆಧಾರವಾಗಿಟ್ಟುಕೊಂಡು ನಿಲ್ಲುತ್ತದೆ. ಕರ್ನಾಟಕದ ರೈತರೆಲ್ಲರಿಗೂ ಪರಿಚಿತವಾದ ಪಹಣಿ, ಅಂದರೆ ಕಂದಾಯ ಇಲಾಖೆಯ ಕಡತಗಳಲ್ಲಿ ನಮೂನೆ 16 ಎಂದೂ ಜನರ ಮಾತಿನಲ್ಲಿ ಆರ್‌ಟಿಸಿ ಎಂದೂ ಕರೆಸಿಕೊಳ್ಳುವ ಪತ್ರ, ಇದಕ್ಕೆ ಒಳ್ಳೆಯ ನಿದರ್ಶನ. ಅದರ 9ನೆಯ ಕಾಲಂನಲ್ಲಿ ಹಕ್ಕುದಾರರ ಹೆಸರೂ ವಿಸ್ತೀರ್ಣವೂ ಇದ್ದರೆ, 10ನೆಯ ಕಾಲಂನಲ್ಲಿ ಆ ಹಕ್ಕು ಯಾವ ರೀತಿಯಲ್ಲಿ ಬಂದಿತೆಂಬುದು ಎಂ.ಆರ್. ಸಂಖ್ಯೆಯೊಂದರ ಮೂಲಕ ಸೂಚಿತವಾಗಿರುತ್ತದೆ. ಎಂ.ಆರ್. ಎಂದರೆ ಮ್ಯುಟೇಷನ್ ರಿಜಿಸ್ಟರು, ಹಕ್ಕು ಬದಲಾವಣೆಯ ವಹಿ. ಜನರು ಖಾತೆ ಬದಲಾವಣೆ ಎಂದು ಹೇಳುವುದು ಇದನ್ನೇ. ಆ ಸಂಖ್ಯೆಯನ್ನು ಹಿಡಿದು ಹೋದರೆ ವಹಿಯ ಒಂದು ನಿರ್ದಿಷ್ಟ ನಮೂದು ಸಿಗಬೇಕು. ಆ ನಮೂದಿನಲ್ಲಿ ಕ್ರಯಪತ್ರದ ನೋಂದಣಿ ಸಂಖ್ಯೆಯೋ, ವಿಭಾಗಪತ್ರವೋ, ಮರಣದ ನಂತರದ ಪೌತಿ ಖಾತೆಯ ವಿವರವೋ ಇರಬೇಕು. ಅದನ್ನು ಹಿಡಿದು ಹೋದರೆ ಉಪನೋಂದಣಾಧಿಕಾರಿಗಳ ಕಚೇರಿಯ ಪುಸ್ತಕ ಸಿಗಬೇಕು. ಹೀಗೆ ಒಂದು ದಾಖಲೆಯೊಳಗೆ ಇನ್ನೊಂದು ದಾಖಲೆಯನ್ನು ತೋರಿಸುವ ಗುರುತನ್ನು ಗಣಕಶಾಸ್ತ್ರದಲ್ಲಿ ಉಲ್ಲೇಖ ಎನ್ನುತ್ತಾರೆ. ಅದನ್ನು ಕೊಂಡಿ ಎಂದು ಕರೆದರೆ ಅರ್ಥ ಇನ್ನೂ ಸುಲಭವಾದೀತು.

ಇಂತಹ ದಾಖಲೆಗಳನ್ನು ಕ್ರಮಬದ್ಧವಾಗಿ ಕೂಡಿಟ್ಟು, ಬೇಕೆಂದಾಗ ಹುಡುಕಿ ಕೊಡುವ ವ್ಯವಸ್ಥೆಯೇ ದತ್ತಸಂಚಯ, ಅಂದರೆ ಡೇಟಾಬೇಸ್. ದತ್ತಸಂಚಯದಲ್ಲಿ ಕಾಣಿಸಿಕೊಳ್ಳುವ ದೋಷಗಳ ಪೈಕಿ ಸುಲಭವಾಗಿ ಕಣ್ಣಿಗೆ ಬೀಳುವುದು ದಾಖಲೆಯೊಳಗಿನ ತಪ್ಪು: ಹೆಸರಿನ ಅಕ್ಷರ ಬಿಟ್ಟುಹೋಗಿರುವುದು, ಗುಂಟೆಯ ಅಂಕಿ ತಿರುಗಾಮುರುಗಾ ಆಗಿರುವುದು ಇತ್ಯಾದಿ. ಕೊಂಡಿಯ ದೋಷ ಹಾಗಲ್ಲ. ಎರಡು ದಾಖಲೆಗಳೂ ಪ್ರತ್ಯೇಕವಾಗಿ ಸರಿಯಾಗಿಯೇ ಇರಬಹುದು, ಒಂದೊಂದನ್ನೇ ನೋಡಿದವರಿಗೆ ಯಾವ ಕುಂದೂ ತೋರದಿರಬಹುದು. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಹೊರಟಾಗ ದಾರಿ ಸಿಗುವುದಿಲ್ಲ, ಅಥವಾ ಸಿಕ್ಕ ದಾರಿ ಬೇರೆಯವರ ಹೊಲಕ್ಕೆ ಮುಟ್ಟಿಸುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಭೂದಾಖಲೆಗಳನ್ನು ಮುಂದಿಟ್ಟುಕೊಂಡು ಈ ಬಗೆಯ ದೋಷವನ್ನು ಹುಡುಕುವ ಕ್ರಮವನ್ನು ವಿವರಿಸುವುದು ಈ ಭಾಷಣದ ಉದ್ದೇಶ.

ಕರ್ನಾಟಕದಲ್ಲಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ಭೂಮಿ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನೂ 67 ಲಕ್ಷ ಭೂಹಿಡುವಳಿದಾರರನ್ನೂ ಒಳಗೊಂಡು, ಆಗಿನ 177 ತಾಲ್ಲೂಕುಗಳಿಗೆ ಹಬ್ಬಿದ ಕೆಲಸ. ಅದರ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿತು. ಅಲ್ಲಿಯವರೆಗೆ ಗ್ರಾಮಲೆಕ್ಕಿಗರು, ಅವರಿಗೂ ಮೊದಲು ಶ್ಯಾನುಭೋಗರು, ಕೈಬರಹದಲ್ಲಿ ಇಟ್ಟುಕೊಂಡು ಬಂದಿದ್ದ ವಹಿಗಳೇ ಈ ದತ್ತಸಂಚಯದ ಬೀಜ. ಬೀಜದಲ್ಲಿದ್ದ ಗುಣವೂ ದೋಷವೂ ಗಣಕಕ್ಕೆ ಇಳಿದವೆಂಬುದನ್ನು ಮರೆಯಬಾರದು. ಗಣಕವು ನಮೂದನ್ನು ತಿದ್ದುವುದಿಲ್ಲ, ಕಾಪಾಡುತ್ತದೆ. ಪುಟ ಹರಿದುಹೋಗಿದ್ದ ಎಂ.ಆರ್. ವಹಿಯೊಂದರ ಸಂಖ್ಯೆ ಪಹಣಿಯಲ್ಲಿ ಅಚ್ಚಾಗಿದ್ದರೆ, ಆ ಸಂಖ್ಯೆ ಇಂದಿಗೂ ಅಚ್ಚಾಗುತ್ತಲೇ ಇರುತ್ತದೆ, ಅದು ತೋರಿಸುವ ಪುಟ ಮಾತ್ರ ಇರುವುದಿಲ್ಲ. ಗುರಿಯೇ ಇಲ್ಲದ ಇಂತಹ ಉಲ್ಲೇಖವನ್ನು ತೂಗಾಡುವ ಕೊಂಡಿ ಎನ್ನಬಹುದು. ಕೊಂಡಿದೋಷಗಳಲ್ಲಿ ಇದು ಮೊದಲನೆಯದು, ಅತ್ಯಂತ ಸಾಮಾನ್ಯವಾದದ್ದು ಕೂಡ.

ಕೊಂಡಿ ಗಟ್ಟಿಯಾಗಿರಬೇಕಾದರೆ ಅದು ಹಿಡಿದಿರುವ ಗುರುತು ಬದಲಾಗದಂತಹುದಾಗಿರಬೇಕು. ಈ ಮಾತಿನ ಬೆಲೆಯನ್ನು ತಿಳಿಯಲು ರಾಮನಗರದ ಚರಿತ್ರೆಗಿಂತ ಒಳ್ಳೆಯ ಪಾಠ ಬೇರೆಡೆ ಸಿಗುವುದು ಕಷ್ಟ. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಎನಿಸಿಕೊಂಡಿದ್ದ ಊರು, ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆಯಾಗಿ, ಸ್ವಾತಂತ್ರ್ಯಾನಂತರ ರಾಮನಗರವಾಯಿತು. ಭೂವಿಜ್ಞಾನಿಗಳು ಮಾತ್ರ ಈ ಭಾಗದ ಬಂಡೆಗಳನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ, ಏಕೆಂದರೆ ಅವರ ಗ್ರಂಥಗಳ ಉಲ್ಲೇಖಗಳೆಲ್ಲ ಆ ಹೆಸರಿಗೆ ಕಟ್ಟಿಕೊಂಡಿವೆ. ಕನಕಪುರ ಹಳೆಯ ಕಾಗದಪತ್ರಗಳಲ್ಲಿ ಕಾನಕಾನಹಳ್ಳಿ. ಜಿಲ್ಲೆಯ ವಿಷಯ ಇನ್ನೂ ಜಟಿಲ: ಈ ನಾಲ್ಕು ತಾಲ್ಲೂಕುಗಳು ಮೊದಲು ಬೆಂಗಳೂರು ಜಿಲ್ಲೆಯಲ್ಲಿದ್ದವು, 1986ರಲ್ಲಿ ಜಿಲ್ಲೆ ಒಡೆದಾಗ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು, 2007ರಲ್ಲಿ ಹೊಸ ರಾಮನಗರ ಜಿಲ್ಲೆಯಾದವು, 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟದ ತೀರ್ಮಾನದಂತೆ ಅದೇ ಜಿಲ್ಲೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಪಡೆಯಿತು. ಈ ನಡುವೆ ಕನಕಪುರದಿಂದ ಬೇರ್ಪಟ್ಟ ಹಾರೋಹಳ್ಳಿ ತಾನೇ ಒಂದು ತಾಲ್ಲೂಕಾಯಿತು. ನೆಲ ಒಂದಂಗುಲವೂ ಕದಲಲಿಲ್ಲ. ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಯಿತು.

ಈಗ ಬೆಂಗಳೂರು ದಕ್ಷಿಣ ಎಂಬ ಹೆಸರನ್ನೇ ಪರಿಶೀಲಿಸಬಹುದು. ಬೆಂಗಳೂರು ನಗರ ಜಿಲ್ಲೆಯೊಳಗೆ ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಬಹಳ ಕಾಲದಿಂದ ಇದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ. ಆದರೆ ಬೆಂಗಳೂರು ದಕ್ಷಿಣ ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ವಿಧಾನಸಭಾ ಕ್ಷೇತ್ರಗಳು ಆ ಲೋಕಸಭಾ ಕ್ಷೇತ್ರಕ್ಕೆ ಸೇರದೆ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಯಾವುದಾದರೊಂದು ತಂತ್ರಾಂಶವು ಜಿಲ್ಲೆಯ ಹೆಸರನ್ನೇ ಗುರುತಾಗಿಟ್ಟುಕೊಂಡು ದಾಖಲೆಗಳನ್ನು ಜೋಡಿಸುವಂತೆ ರಚಿತವಾಗಿದ್ದರೆ, ರಾಮನಗರ ಎಂದು ಬರೆದಿರುವ ಹಳೆಯ ದಾಖಲೆಗಳು ಹೊಸ ಪಟ್ಟಿಯಲ್ಲಿ ಕಾಣೆಯಾಗುತ್ತವೆ. ತಾಲ್ಲೂಕಿನ ಹೆಸರನ್ನೂ ಜಿಲ್ಲೆಯ ಹೆಸರನ್ನೂ ಒಂದೇ ಖಾನೆಯಲ್ಲಿ ಹುಡುಕುವಂತಿದ್ದರೆ ಕೆಂಗೇರಿಯ ಕಡೆಯ ಜಮೀನೂ ಕನಕಪುರದ ಜಮೀನೂ ಒಂದೇ ಕಟ್ಟಿನಲ್ಲಿ ಬಂದು ಕೂರುತ್ತವೆ. ಮೊದಲನೆಯ ದೋಷದಲ್ಲಿ ಕೊಂಡಿ ಕಳಚಿತು, ಎರಡನೆಯದರಲ್ಲಿ ತಪ್ಪು ಕಡೆಗೆ ಸಿಕ್ಕಿಕೊಂಡಿತು. ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಕಳಚಿದ ಕೊಂಡಿಯು ದಾಖಲೆ ದೊರೆಯಲಿಲ್ಲ ಎಂದು ಹೇಳಿಬಿಡುತ್ತದೆ, ತಪ್ಪಾಗಿ ಸಿಕ್ಕಿಕೊಂಡ ಕೊಂಡಿ ಯಾವ ಎಚ್ಚರಿಕೆಯನ್ನೂ ಕೊಡದೆ ಬೇರೆಯವರ ದಾಖಲೆಯನ್ನು ಒಪ್ಪಿಸುತ್ತದೆ.

ಆದ್ದರಿಂದಲೇ ದತ್ತಸಂಚಯವನ್ನು ರಚಿಸುವವರು ಹೆಸರನ್ನು ಓದುವುದಕ್ಕೂ ಸಂಖ್ಯೆಯನ್ನು ಜೋಡಿಸುವುದಕ್ಕೂ ಬಳಸಬೇಕೆಂಬ ನಿಯಮವನ್ನಿಟ್ಟುಕೊಂಡಿದ್ದಾರೆ. ದೇಶದ ಪ್ರತಿಯೊಂದು ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೂ ಕೇಂದ್ರ ಸರ್ಕಾರದ ಎಲ್‌ಜಿಡಿ ಎಂಬ ಕೋಶದಲ್ಲಿ ಒಂದೊಂದು ಸಂಕೇತಾಂಕವಿದೆ. ಹೆಸರು ಬದಲಾದರೂ ಹಳೆಯ ದಾಖಲೆಗಳು ಜೋಡಿಸಿಕೊಂಡಿರಲು ಸಾಧ್ಯವಾಗುವುದು ಇಂತಹ ಸಂಕೇತಗಳಿಂದಲೇ. ಜಮೀನಿನ ತುಂಡು ತುಂಡಿಗೂ ಭೂ ಆಧಾರ್ ಎಂಬ ಹೆಸರಿನಲ್ಲಿ 14 ಅಂಕಿ-ಅಕ್ಷರಗಳ ಗುರುತನ್ನು ಕೊಡುವ ಯೋಜನೆಯ ಹಿಂದೆ ಇರುವುದೂ ಇದೇ ವಿಚಾರ.

ಗ್ರಾಮದ ಮಟ್ಟಕ್ಕೆ ಇಳಿದರೆ ಜಮೀನನ್ನು ಗುರುತಿಸುವುದು ಸರ್ವೆ ನಂಬರು. ಭೂಮಿ ತಂತ್ರಾಂಶದಲ್ಲಿ ಒಂದು ಪಹಣಿಯನ್ನು ಕರೆಯಬೇಕಾದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಆಯ್ದ ಮೇಲೆ ಸರ್ವೆ ನಂಬರು, ಅನಂತರ ಸರ್ನಾಕ್ ಎಂಬ ಖಾನೆ, ಕೊನೆಗೆ ಹಿಸ್ಸಾ ನಂಬರು, ಹೀಗೆ ಒಂದರ ಹಿಂದೆ ಒಂದನ್ನು ಕೊಡಬೇಕು. ಸರ್ನಾಕ್ ಖಾನೆಯಲ್ಲಿ ಬಹುಪಾಲು ಒಂದು ನಕ್ಷತ್ರ ಚಿಹ್ನೆಯಷ್ಟೇ ಕಾಣುತ್ತದೆ. ಹಿಸ್ಸಾ ಎಂದರೆ ಸರ್ವೆ ನಂಬರಿನ ಪಾಲು. ಇವೆಲ್ಲ ಸೇರಿದರೆ ಮಾತ್ರ ಒಂದು ಗುರುತು ಪೂರ್ಣವಾಗುತ್ತದೆ. ಅಂದರೆ ಸರ್ವೆ ನಂಬರ್ 45 ಎಂಬುದು ಗುರುತೇ ಅಲ್ಲ, ಗುರುತಿನ ಒಂದು ಚೂರು. 45 ಎಂಬ ನಂಬರು ಮಾಗಡಿಯ ಹತ್ತಾರು ಗ್ರಾಮಗಳಲ್ಲಿಯೂ ಚನ್ನಪಟ್ಟಣದ ಹತ್ತಾರು ಗ್ರಾಮಗಳಲ್ಲಿಯೂ ಇದ್ದೇ ಇರುತ್ತದೆ. ಎಂ.ಆರ್. ಸಂಖ್ಯೆಯ ವಿಷಯವೂ ಹಾಗೆಯೇ. ಅದನ್ನು ಯಾವಾಗಲೂ ವರ್ಷದೊಂದಿಗೆ, 12/1998-99 ಎಂಬಂತೆ ಬರೆಯುವುದು ಅಲಂಕಾರಕ್ಕಲ್ಲ; ವರ್ಷವನ್ನು ಬಿಟ್ಟು 12 ಎಂದಷ್ಟೇ ಬರೆದರೆ ಆ ಸಂಖ್ಯೆ ಏನನ್ನೂ ತೋರಿಸದು. ಅರ್ಧ ಗುರುತನ್ನು ಪೂರ್ಣ ಗುರುತೆಂದು ಭಾವಿಸಿ ಹುಡುಕುವುದು ದಾಖಲೆ ಸಿಗಲಿಲ್ಲವೆಂಬ ದೂರುಗಳ ಹಿಂದೆ ಮೊದಲು ಪರೀಕ್ಷಿಸಬೇಕಾದ ಕಾರಣ.

ಗುರುತು ಪೂರ್ಣವಾಗಿದ್ದರೂ ಬರವಣಿಗೆಯ ರೂಪ ಬೇರೆಯಾದರೆ ಕೊಂಡಿ ಕೂಡುವುದಿಲ್ಲ. 45/1, 45/01, 45-1, 45/1ಪಿ1 ಎಂಬವುಗಳಲ್ಲಿ ಮೊದಲ ಮೂರನ್ನು ಓದಿದ ಸರ್ವೆಯರ್ ಒಂದೇ ಹಿಸ್ಸೆ ಎಂದು ತಿಳಿಯುತ್ತಾರೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಗಣಕಕ್ಕೆ ಅವು ಮೂರು ಬೇರೆ ಬೇರೆ ಗುರುತುಗಳು. ಇದರಂತೆಯೇ ಒಂದು ದಾಖಲೆಯಲ್ಲಿ 45 ಎಂಬುದು ಲೆಕ್ಕದ ಸಂಖ್ಯೆಯಾಗಿಯೂ ಇನ್ನೊಂದರಲ್ಲಿ ಅಕ್ಷರಗಳ ಸಾಲಾಗಿಯೂ ಶೇಖರವಾಗಿದ್ದರೆ, ತೆರೆಯ ಮೇಲೆ ಎರಡೂ 45 ಎಂದೇ ಕಂಡರೂ, ಹಲವು ದತ್ತಸಂಚಯಗಳು ಅವನ್ನು ಸಮವೆಂದು ಒಪ್ಪುವುದಿಲ್ಲ. ಮಾಂಗೋಡಿಬಿಯಂತಹ ಡಾಕ್ಯುಮೆಂಟ್ ದತ್ತಸಂಚಯಗಳನ್ನು ಬಳಸುವ ತಂತ್ರಾಂಶ ನೌಕರರಿಗೆ ಇದು ದಿನನಿತ್ಯದ ಅನುಭವ. ಅಲ್ಲಿ ಪ್ರತಿ ದಾಖಲೆಗೂ 12 ಬೈಟುಗಳ ಗುರುತೊಂದು ತಾನಾಗಿ ಹುಟ್ಟುತ್ತದೆ, ಓದುವಾಗ ಅದು 24 ಅಕ್ಷರಗಳ ಸಾಲಾಗಿ ಕಾಣುತ್ತದೆ. ಆ 24 ಅಕ್ಷರಗಳನ್ನೇ ನಕಲು ಮಾಡಿ ಇನ್ನೊಂದು ದಾಖಲೆಯಲ್ಲಿ ಇಟ್ಟರೆ, ನಕಲು ಅಕ್ಷರಗಳಾಗಿ ಉಳಿಯುತ್ತದೆ, ಮೂಲ ಬೈಟುಗಳಾಗಿರುತ್ತದೆ; ಎರಡನ್ನೂ ಜೋಡಿಸುವ ಪ್ರಶ್ನೆ ಕೇಳಿದಾಗ ಖಾಲಿ ಉತ್ತರ ಬರುತ್ತದೆ. ಉತ್ತರ ಖಾಲಿಯಾಗಿ ಬಂದಾಗ ದಾಖಲೆಯೇ ಇಲ್ಲವೆಂದು ತೀರ್ಮಾನಿಸದೆ, ಎರಡು ಕಡೆಯ ಗುರುತುಗಳೂ ಒಂದೇ ಜಾತಿಯವೇ ಎಂಬುದನ್ನು ಮೊದಲು ನೋಡಬೇಕು.

ಕನ್ನಡ ಲಿಪಿಯಲ್ಲಿ ಈ ತೊಡಕಿಗೆ ಇನ್ನೊಂದು ಮುಖವಿದೆ. ಈ ಭಾಗದಲ್ಲಿ ದೊಡ್ಡಯ್ಯ ಎಂಬ ಹೆಸರು ಸಾಮಾನ್ಯ. ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ದೊ ಎಂಬ ಅಕ್ಷರವನ್ನು ದಕಾರಕ್ಕೆ ಒತ್ವದ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು, ಎತ್ವದ ಚಿಹ್ನೆಯನ್ನೂ ದೀರ್ಘ ಊಕಾರದ ಚಿಹ್ನೆಯನ್ನೂ ಒಂದರ ಮುಂದೊಂದು ಸೇರಿಸಿಯೂ ಬರೆಯಬಹುದು. ಕಾಗದದ ಮೇಲೆ ಎರಡೂ ಒಂದೇ ದೊ ಆಗಿ ಮೂಡುತ್ತವೆ, ಗಣಕದ ನೆನಪಿನಲ್ಲಿ ಮಾತ್ರ ಎರಡು ಬೇರೆ ಸಾಲುಗಳಾಗಿರುತ್ತವೆ. ಇದಕ್ಕೆ ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ಪರಿವರ್ತಿಸುವಾಗ ಉಳಿದ ಕಣ್ಣಿಗೆ ಕಾಣದ ಜೋಡಕಗಳನ್ನೂ, ಕೆಂಪಯ್ಯ ಎಂದೂ ಕೆಂಪೈಯ್ಯ ಎಂದೂ ಬರೆಯುವ ರೂಢಿಯನ್ನೂ, ಮಗ ಎಂಬರ್ಥದ ಬಿನ್ ಮತ್ತು ಹೆಂಡತಿ ಎಂಬರ್ಥದ ಕೋಂ ಎಂಬ ಪದಗಳ ಹಿಂದುಮುಂದೆ ಬಿಟ್ಟುಹೋದ ಜಾಗವನ್ನೂ ಸೇರಿಸಿದರೆ, ಹೆಸರಿನ ಮೇಲೆ ದಾಖಲೆಗಳನ್ನು ಜೋಡಿಸಲು ಹೊರಡುವುದು ಎಷ್ಟು ದುರ್ಬಲವಾದ ಮಾರ್ಗ ಎಂಬುದು ಸ್ಪಷ್ಟವಾಗುತ್ತದೆ. ಹೋಲಿಸುವ ಮೊದಲು ಎಲ್ಲ ಹೆಸರುಗಳನ್ನೂ ಒಂದೇ ಸಂಕೇತರೂಪಕ್ಕೆ ತರುವುದು ಅಗತ್ಯ. ಆದರೆ ಹೆಸರು ಒಂದೇ ಆಯಿತೆಂಬ ಮಾತ್ರಕ್ಕೆ ವ್ಯಕ್ತಿ ಒಬ್ಬರೇ ಎಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು. ಒಂದೇ ಗ್ರಾಮದಲ್ಲಿ ದೊಡ್ಡಯ್ಯ ಬಿನ್ ಮರಿಯಪ್ಪ ಎಂಬ ಇಬ್ಬರಿರುವುದು ಅಪರೂಪವಲ್ಲ.

ಒಂದು ದಾಖಲೆ ಅನೇಕ ದಾಖಲೆಗಳಾಗಿ ಒಡೆಯುವಾಗ ಹುಟ್ಟುವ ದೋಷಗಳು ಭೂದಾಖಲೆಯಲ್ಲಿ ಎಲ್ಲಕ್ಕಿಂತ ಕಠಿಣವಾದವು, ಹೀಗಾಗಿ ಅವುಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಸರ್ವೆ ಇಲಾಖೆಯ ಆಕಾರ್‌ಬಂದ್ ಎಂಬ ವಹಿಯಲ್ಲಿ ಪ್ರತಿ ಸರ್ವೆ ನಂಬರಿನ ಅಳತೆಯಾದ ಒಟ್ಟು ವಿಸ್ತೀರ್ಣ, ಅದರಲ್ಲಿ ಬೇಸಾಯಕ್ಕೆ ಬಾರದ ಖರಾಬು, ಉಳಿದ ಸಾಗುವಳಿ ಜಮೀನು ಮತ್ತು ಅದರ ಕಂದಾಯದ ಆಕಾರ ನಮೂದಾಗಿರುತ್ತವೆ. ಟಿಪ್ಪಣಿ ಎಂಬುದು ಅದರ ಅಳತೆಯ ರೇಖಾಚಿತ್ರ. ಜಮೀನು ಪಾಲಾದಾಗ ಅಳತೆ ಮಾಡಿ ಪ್ರತ್ಯೇಕ ಹಿಸ್ಸೆ ಮಾಡಿಕೊಡುವುದು ಪೋಡಿ. ಪೋಡಿಯಾಗದೆ ಹಕ್ಕು ಮಾತ್ರ ಹಂಚಿಹೋದಾಗ, ಪಹಣಿಯಲ್ಲಿ ಪೈಕಿ ಎಂಬ ಪದ ಬರುತ್ತದೆ: ಆ ಸರ್ವೆ ನಂಬರಿನ ಒಳಗೆ ಎಲ್ಲಿಯೋ ಇಷ್ಟು ಜಮೀನು ಇವರದು ಎಂದು ಅದರ ಅರ್ಥ. ಪೈಕಿ ಎಂಬುದು ಕೊಂಡಿಯ ಒಂದು ತುದಿ ಗಾಳಿಯಲ್ಲಿರುವುದರ ಗುರುತು. ಹಕ್ಕಿನ ದಾಖಲೆ ಇದೆ, ನೆಲದ ದಾಖಲೆ ಇನ್ನೂ ಹುಟ್ಟಿಲ್ಲ.

ಉದಾಹರಣೆಗೆಂದು ಒಂದು ಸರ್ವೆ ನಂಬರನ್ನು ಕಲ್ಪಿಸಿಕೊಳ್ಳಬಹುದು. ಆಕಾರ್‌ಬಂದಿನಲ್ಲಿ ಅದರ ಒಟ್ಟು ವಿಸ್ತೀರ್ಣ 4 ಎಕರೆ 12 ಗುಂಟೆ, ಖರಾಬು 8 ಗುಂಟೆ, ಸಾಗುವಳಿ 4 ಎಕರೆ 4 ಗುಂಟೆ ಎಂದಿರಲಿ. ಮೂವರು ಅಣ್ಣತಮ್ಮಂದಿರ ಪಹಣಿಗಳಲ್ಲಿ 1 ಎಕರೆ 20 ಗುಂಟೆ, 1 ಎಕರೆ 20 ಗುಂಟೆ, 1 ಎಕರೆ 12 ಗುಂಟೆ ಎಂದಿರಲಿ. ಎಕರೆಗೆ 40 ಗುಂಟೆಯಂತೆ ಕೂಡಿದರೆ 4 ಎಕರೆ 12 ಗುಂಟೆಯಾಗುತ್ತದೆ. ಸಾಗುವಳಿ ಜಮೀನಿಗಿಂತ 8 ಗುಂಟೆ ಹೆಚ್ಚು. ಮೂರು ಪಹಣಿಗಳನ್ನು ಬೇರೆ ಬೇರೆಯಾಗಿ ನೋಡಿದಾಗ ಯಾವ ತಪ್ಪೂ ಇಲ್ಲ, ಕೂಡಿದಾಗ ಮಾತ್ರ ದೋಷ ಹೊರಬೀಳುತ್ತದೆ. ಇಲ್ಲಿ ಹೆಚ್ಚಾಗಿರುವ ಮೊತ್ತವೇ ದೋಷದ ಮೂಲವನ್ನು ಹೇಳುತ್ತಿದೆ: 8 ಗುಂಟೆ ಎಂಬುದು ಖರಾಬಿನ ವಿಸ್ತೀರ್ಣಕ್ಕೆ ಸರಿಯಾಗಿ ಸಮ. ಅಂದರೆ ವಿಭಾಗಪತ್ರ ಬರೆಸುವಾಗ ಖರಾಬನ್ನು ಕಳೆಯದೆ ಒಟ್ಟು ವಿಸ್ತೀರ್ಣವನ್ನೇ ಹಂಚಿರುವ ಸಾಧ್ಯತೆ ಪ್ರಬಲವಾಗುತ್ತದೆ, ಹುಡುಕುವವರು ನೇರವಾಗಿ ಆ ವಿಭಾಗಪತ್ರದ ಷೆಡ್ಯೂಲಿಗೇ ಹೋಗಬಹುದು. ಹೆಚ್ಚುವರಿ 8ರ ಬದಲು 20 ಗುಂಟೆಯಾಗಿದ್ದಿದ್ದರೆ ಹಾದಿ ಬೇರೆಯಾಗುತ್ತಿತ್ತು; ಒಮ್ಮೆ ಮಾರಿದ ಜಮೀನು ಮಾರಿದವರ ಹೆಸರಿನಿಂದ ಕಡಿಮೆಯಾಗದೆ ಉಳಿದಿದೆಯೇ ಎಂದು ಪರಿಶೀಲಿಸಬೇಕಾಗುತ್ತಿತ್ತು. ಕೂಡಿ ನೋಡುವುದು, ವ್ಯತ್ಯಾಸದ ಮೊತ್ತವನ್ನು ಬಿಡದೆ ವಿಚಾರಿಸುವುದು, ಒಂದಕ್ಕೆ ಹಲವು ಎಂಬ ಸಂಬಂಧವಿರುವ ಕಡೆಯಲ್ಲೆಲ್ಲ ಅತ್ಯುತ್ತಮವಾದ ಪರೀಕ್ಷೆ. 8 ಗುಂಟೆ ಚಿಕ್ಕದೆಂದು ಕಡೆಗಣಿಸುವಂತಿಲ್ಲ. ಗುಂಟೆಗೆ 1,089 ಚದರ ಅಡಿಯಂತೆ ಅದು 8,712 ಚದರ ಅಡಿ, ಬಿಡದಿ ಹಾರೋಹಳ್ಳಿಗಳ ಕೈಗಾರಿಕಾ ಪ್ರದೇಶಗಳ ಆಸುಪಾಸಿನಲ್ಲಿ ಒಂದು ಕುಟುಂಬದ ಬದುಕನ್ನೇ ತೂಗುವಷ್ಟು ನೆಲ.

ಕಾಲದ ಅಂತರದಿಂದ ತೋರುವ ವ್ಯತ್ಯಾಸವನ್ನು ದೋಷವೆಂದು ತಿಳಿಯಬಾರದು. ಕ್ರಯಪತ್ರ ನೋಂದಣಿಯಾಗುವುದು ಕಾವೇರಿ ಎಂಬ ಬೇರೆ ತಂತ್ರಾಂಶದಲ್ಲಿ. ಅಲ್ಲಿಂದ ವಿವರ ಭೂಮಿ ತಂತ್ರಾಂಶಕ್ಕೆ ಬಂದು, ಕರ್ನಾಟಕ ಭೂ ಕಂದಾಯ ಕಾಯಿದೆ 1964ರ 129ನೆಯ ಪ್ರಕರಣದಂತೆ ನೋಟಿಸ್ ಹೊರಟು, ತಕರಾರಿಗೆ ಅವಕಾಶ ಕೊಟ್ಟ ಮೇಲೆ ಪಹಣಿಯಲ್ಲಿ ಹೊಸ ಹೆಸರು ಬರುತ್ತದೆ. ಈ ಅವಧಿಯಲ್ಲಿ ಎರಡು ದತ್ತಸಂಚಯಗಳು ಎರಡು ಬಗೆಯ ಉತ್ತರ ಕೊಡುವುದು ಸಹಜ. ನೋಟಿಸಿನ ಅವಧಿ ಮುಗಿದ ಮೇಲೂ ಹೊಸ ಹೆಸರು ಬಾರದಿದ್ದರೆ ಮಾತ್ರ, ವಿವರ ಅತ್ತಲಿಂದ ಹೊರಟಿತೇ, ಇತ್ತ ಮುಟ್ಟಿತೇ, ಮುಟ್ಟಿದ್ದು ತಕರಾರಿನಲ್ಲಿ ನಿಂತಿದೆಯೇ ಎಂದು ಕ್ರಮವಾಗಿ ವಿಚಾರಿಸಬೇಕು. ಎಲ್ಲ ಕೊಂಡಿಗಳ ಆಯುಸ್ಸೂ ಒಂದೇ ಅಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳೆಗಾರ, ಬಿಚ್ಚಣಿಕೆದಾರ, ತೂಕ, ದರ ನಾಲ್ಕನ್ನೂ ಒಂದು ಲಾಟ್ ಸಂಖ್ಯೆ ಕಟ್ಟಿಹಾಕುತ್ತದೆ. ಇ-ಹರಾಜು ಮುಗಿದು ಹಣ ಖಾತೆಗೆ ಹೋದರೆ ಆ ಸಂಖ್ಯೆಯ ಕೆಲಸವೂ ಹೆಚ್ಚುಕಡಿಮೆ ಮುಗಿಯಿತು. ಜಮೀನಿನ ಕೊಂಡಿಗೆ ಅಂತಹ ಬಿಡುಗಡೆಯಿಲ್ಲ. ತಾತನ ಕಾಲದ ಸಾಗುವಳಿ ಚೀಟಿಗೆ ಮೊಮ್ಮಗಳ ಪಹಣಿ ಇಂದಿಗೂ ಉತ್ತರ ಹೇಳಬೇಕು.

ಎರಡೂ ದಿಕ್ಕಿನಿಂದ ನಡೆದು ನೋಡದೆ ಕೊಂಡಿಯ ಪರೀಕ್ಷೆ ಪೂರ್ತಿಯಾಗುವುದಿಲ್ಲ. ರೈತರು ಬೆಳೆಸಾಲ ತೀರಿಸಿದ ಮೇಲೆ ಬ್ಯಾಂಕಿನ ಲೆಕ್ಕದಲ್ಲಿ ಸಾಲ ಮುಗಿದಿರುತ್ತದೆ, ಪಹಣಿಯ 11ನೆಯ ಕಾಲಂನಲ್ಲಿ ಋಣ ಹಾಗೆಯೇ ಉಳಿದಿರಬಹುದು. ಬ್ಯಾಂಕಿನಿಂದ ಪಹಣಿಯ ಕಡೆಗೆ ನೋಡಿದವರಿಗೆ ಏನೂ ತೊಂದರೆ ಕಾಣದು, ಪಹಣಿಯಿಂದ ಬ್ಯಾಂಕಿನ ಕಡೆಗೆ ಹೋದವರಿಗಷ್ಟೇ ತಿಳಿಯುತ್ತದೆ. ಅದೇ ರೀತಿ ಫ್ರೂಟ್ಸ್ ಎಂಬ ರೈತ ನೋಂದಣಿ ವ್ಯವಸ್ಥೆಯಲ್ಲಿ ರೈತರ ಗುರುತಿನ ಸಂಖ್ಯೆಗೆ ಅವರ ಸರ್ವೆ ನಂಬರುಗಳು ಜೋಡಣೆಯಾಗಿರುತ್ತವೆ. ಬೆಂಬಲ ಬೆಲೆಗೆ ರಾಗಿ ಕೊಡಲು ಬಂದವರ ಜಮೀನು ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ, ಬೆಳೆ ಕಣ್ಣೆದುರಿನಲ್ಲೇ ಇದ್ದರೂ ಮಾರುವವರಿಗೂ ಹೊಲಕ್ಕೂ ನಡುವೆ ಕೊಂಡಿಯಿಲ್ಲ. ಇದಕ್ಕೆ ರಾಗಿ ಖರೀದಿ ಕೇಂದ್ರದ ಗಣಕದ ಮುಂದೆ ಪರಿಹಾರವಿಲ್ಲ, ಪೌತಿ ಖಾತೆಯೇ ಪರಿಹಾರ. ದೋಷ ಕಾಣಿಸಿಕೊಂಡ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು ಎಂಬುದನ್ನು ಕೊಂಡಿಗಳ ವಿಷಯದಲ್ಲಿ ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಕಂಡ ಜಾಗದಲ್ಲೇ ತೇಪೆ ಹಾಕಿದರೆ, ಮೂಲದಿಂದ ಮತ್ತೊಮ್ಮೆ ನಕಲು ಇಳಿದ ದಿನ ತೇಪೆ ಅಳಿಸಿಹೋಗುತ್ತದೆ.

ಇಂತಹ ದೋಷ ಹುಟ್ಟದಂತೆಯೇ ತಡೆಯುವ ವಿಧಾನವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಸಂಬಂಧಾತ್ಮಕ ಮಾದರಿಯಿಂದ ಬೆಳೆದು ಬಂದ ದತ್ತಸಂಚಯಗಳು ಒದಗಿಸಿದವು: ಗುರಿಯ ದಾಖಲೆ ಇಲ್ಲದೆ ಅದರ ಉಲ್ಲೇಖವನ್ನು ಬರೆಯಲು ಬಿಡದಿರುವುದು, ಉಲ್ಲೇಖ ಉಳಿದಿರುವಾಗ ಗುರಿಯನ್ನು ಅಳಿಸಲು ಬಿಡದಿರುವುದು. 2009ರಲ್ಲಿ ಬಂದ ಮಾಂಗೋಡಿಬಿ ಮೊದಲಾದ ಡಾಕ್ಯುಮೆಂಟ್ ದತ್ತಸಂಚಯಗಳು ಈ ಕಾವಲನ್ನು ತಾವಾಗಿ ನಿರ್ವಹಿಸದೆ ತಂತ್ರಾಂಶ ಬರೆಯುವವರ ಹೊಣೆಗೆ ಬಿಟ್ಟವು. ವೇಗಕ್ಕೂ ಸರಾಗತೆಗೂ ಅದು ಅನುಕೂಲವಾದರೂ, ತೂಗಾಡುವ ಕೊಂಡಿಗಳನ್ನು ಆಗಿಂದಾಗ್ಗೆ ಎಣಿಸಿ ಪಟ್ಟಿ ಮಾಡುವ ಕೆಲಸ ಅಲ್ಲಿ ತಪ್ಪುವುದಿಲ್ಲ. ಭೂದಾಖಲೆಯಂತಹ ವಿಷಯಕ್ಕೆ ಕಾವಲಿರುವ ವ್ಯವಸ್ಥೆಯೇ ಸೂಕ್ತವೆಂಬುದರಲ್ಲಿ ಸಂಶಯವಿಲ್ಲ.

ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಆರಂಭವಾಗಿದೆ. ನಶಿಸುತ್ತಿರುವ ಕಾಗದವನ್ನು ಉಳಿಸುವ ದೃಷ್ಟಿಯಿಂದ ಇದು ಬಹಳ ತಡವಾಗಿ ಬಂದ ಒಳ್ಳೆಯ ಕೆಲಸ. ಆದರೆ ಸ್ಕ್ಯಾನ್ ಆದ ಪುಟ ಒಂದು ಚಿತ್ರ ಮಾತ್ರ. ಅದಕ್ಕೆ ಗ್ರಾಮ, ಸರ್ವೆ ನಂಬರು, ಎಂ.ಆರ್. ಸಂಖ್ಯೆ ಮತ್ತು ವರ್ಷಗಳನ್ನು ತಪ್ಪಿಲ್ಲದೆ ಅಂಟಿಸಿದಾಗಲೇ ಇಂದಿನ ಪಹಣಿಯಲ್ಲಿ ತೂಗಾಡುತ್ತಿರುವ ಕೊಂಡಿಗೆ ಗುರಿ ದೊರೆಯುತ್ತದೆ. ವಹಿಯ ಚಿತ್ರ ತೆಗೆಯುವವರಿಗಿಂತ ಅದರ ತಲೆಬರಹವನ್ನು ಓದಿ ನಮೂದಿಸುವವರ ಕೆಲಸ ಹೆಚ್ಚು ನುರಿತ ಕಣ್ಣನ್ನು ಬೇಡುತ್ತದೆ, ಹಳೆಯ ಮೋಡಿ ಬರಹವನ್ನೂ ಶ್ಯಾನುಭೋಗರ ಸಂಕ್ಷೇಪಾಕ್ಷರಗಳನ್ನೂ ಬಲ್ಲ ಹಿರಿಯ ನೌಕರರು ಸೇವೆಯಲ್ಲಿ ಇರುವಾಗಲೇ ಅದು ಮುಗಿಯಬೇಕು.

ಪಹಣಿಯ ನಮೂದು ತಪ್ಪೆಂದು ಸಿದ್ಧವಾಗುವವರೆಗೆ ಸರಿಯೆಂದೇ ಭಾವಿಸತಕ್ಕದ್ದು ಎಂದು ಭೂ ಕಂದಾಯ ಕಾಯಿದೆಯ 133ನೆಯ ಪ್ರಕರಣ ಹೇಳುತ್ತದೆ. ಆದರೆ ಹಕ್ಕು ಬದಲಾವಣೆಯ ನಮೂದೇ ಮಾಲೀಕತ್ವವನ್ನು ಹುಟ್ಟಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಅನೇಕ ತೀರ್ಪುಗಳಲ್ಲಿ ಹೇಳಿದೆ. ಹಕ್ಕು ಬದಲಾವಣೆಯ ಆದೇಶ ತಪ್ಪಾಗಿದ್ದರೆ 136ನೆಯ ಪ್ರಕರಣದಂತೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಹೀಗೆ ಕೇಳಲು ಹೋಗುವವರ ಕೈಯಲ್ಲಿ ಕೊಂಡಿಗಳ ಸರಪಳಿ ಸಿದ್ಧವಾಗಿರಬೇಕು. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ಜಮೀನುಳ್ಳ ಪ್ರತಿ ಕುಟುಂಬವೂ ತನ್ನ ಪಹಣಿಯನ್ನು ಒಮ್ಮೆ ಎದುರಿಗಿಟ್ಟುಕೊಂಡು, ಅದರಲ್ಲಿ ನಮೂದಾಗಿರುವ ಎಂ.ಆರ್. ಸಂಖ್ಯೆಯನ್ನು ವರ್ಷದ ಸಮೇತ ಬರೆದುಕೊಂಡು, ಆ ಎಂ.ಆರ್.ನ ದೃಢೀಕೃತ ನಕಲನ್ನೂ ಅದೇ ಸರ್ವೆ ನಂಬರಿನ ಆಕಾರ್‌ಬಂದ್ ಮತ್ತು ಟಿಪ್ಪಣಿಯ ನಕಲುಗಳನ್ನೂ ತಾಲ್ಲೂಕು ಕಚೇರಿಯಿಂದ ಪಡೆದು, ಕ್ರಯಪತ್ರ ಅಥವಾ ಸಾಗುವಳಿ ಚೀಟಿಯ ಜೊತೆಯಲ್ಲಿ ಒಂದೇ ಕಡತದಲ್ಲಿ ಇರಿಸಿಕೊಳ್ಳಬೇಕು. ಪಹಣಿಯಲ್ಲಿನ ಹೆಸರು ಗತಿಸಿದವರದಾಗಿದ್ದರೆ, ಮುಂದಿನ ತಲೆಮಾರಿಗೆ ಬಿಡದೆ, ಪೌತಿ ಖಾತೆಯ ಅರ್ಜಿಯನ್ನು ನಾಡಕಚೇರಿಗೆ ಈಗಲೇ ಸಲ್ಲಿಸಬೇಕು.